ಥರ್ಮಾಪಿಲೆಯಲ್ಲಿ ಮಡಿದ ಏಳುನೂರು ಮಂದಿ

ಗೆದ್ದವರ ಹೆಸರನ್ನು ಲೋಕವು ನೆನೆಯುವದರಲ್ಲಿ ಆಶ್ಚರ್ಯವೇನೂ ಇಲ್ಲ. ಸೋತು ಮಡಿದು ವೈರಿಯ ಕಾಲ ಕೆಳಗೆ ಹೆಣವಾಗಿ ಬಿದ್ದವರನ್ನು ಎರಡೂವರೆ ಸಾವಿರ ವರ್ಷಗಳ ತರುವಾಯವೂ ಲೋಕವು ಕೊಂಡಾಡುತ್ತಿದ್ದರೆ ಅದು ವಿಚಾರಮಾಡತಕ್ಕ ಸಂಗತಿಯು. ಕ್ರಿ. ಪೂ. 480ರಲ್ಲಿ ಗ್ರೀಸ ದೇಶದ ಥರ್ಮಾಪಿಲೆಯೆಂಬ ಕಣಿವೆಯಲ್ಲಿ ನಡೆದ ಕಾಳಗವು ಇಂಥದು. ಸ್ಪಾರ್ಟಾದ ಅರಸನಾದ ಲಿಯೋನಿಡಾಸನು ಮುನ್ನೂರು ಜನರೊಡನೆ ಪಾರಸೀಕರ ಅಪಾರ ಸೈನ್ಯವನ್ನು ತಡೆದು ಅಲ್ಲಿಯೇ ಧಾರಾತೀರ್ಥದಲ್ಲಿ ದೇಹವಿಟ್ಟನೆಂಬ ಕಥೆಯನ್ನು ಶಾಲೆಯ ಹುಡುಗನೂ ಬಲ್ಲನು. ತರುಣರನ್ನು ತ್ಯಾಗಕ್ಕೆ ಹುರಿದುಂಬಿಸಬೇಕಾದಾಗಲೆಲ್ಲ ಭಾಷಣಕಾರರು ಈ ಮುನ್ನೂರು ಜನರನ್ನು ವ್ಯಾಸಪೀಠಕ್ಕೆ ಕರೆತರುವರು.

ನಾವೂ ಆ ಭಾಷಣಕಾರರಲ್ಲಿ ಒಬ್ಬರೇ ಎಂಬದನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ. ಚಳುವಳಿಯ ದಿವಸಗಳಲ್ಲಿ ಒಂದು ಸಂಜೆ ನಾವು ಈ ಕಥೆಯನ್ನು ಆವೇಶದಿಂದ ಹೇಳಿದೆವು. ಕೇಳಿದ ಹುಡುಗರು ಮರುದಿನ ಬೆಳಿಗ್ಗೆ ಮೆರವಣಿಗೆಯ ಮುಂದಿನ ಸಾಲಿನಲ್ಲಿ ನಿಂತು ಪೆಟ್ಟು ತಿಂದರು. ಆ ಹೊತ್ತಿಗೆ ನಾವು ಕೋರ್ಟಿನಲ್ಲಿ ಒಂದು ದಾವೆಯ ವಾದದಲ್ಲಿದ್ದೆವು. ಸಂಜೆಗೆ ಆಸ್ಪತ್ರೆಗೆ ಹೋದಾಗ, ತಲೆಗೆ ಪಟ್ಟಿ ಕಟ್ಟಿಕೊಂಡಿದ್ದ ಒಬ್ಬ ಹುಡುಗನು ನಮ್ಮನ್ನು ಕಂಡು, ಸಿಟ್ಟಿಲ್ಲದೆ, “ರಾಯರೇ, ಲಿಯೋನಿಡಾಸನು ಎಲ್ಲಿ ನಿಂತಿದ್ದನು?” ಎಂದು ಕೇಳಿದನು. ಅವನು ಕೇಳಿದ್ದು ಇತಿಹಾಸವನ್ನೋ ನಮ್ಮನ್ನೋ ಎಂಬದು ನಮಗೆ ಇಂದಿಗೂ ಬಗೆಹರಿದಿಲ್ಲ. ಅಂದಿನಿಂದ ಈ ಕಥೆಯನ್ನು ಹೇಳುವದನ್ನು ಬಿಟ್ಟು ಓದುವದಕ್ಕೆ ಮೊದಲುಮಾಡಿದೆವು. ಓದಿ ಕಂಡುದನ್ನು ವಾಚಕರ ಮುಂದಿಡುವದೇ ಈ ಲೇಖನದ ಉದ್ದೇಶವು.

ಮೊದಲು ಸಂಗತಿಗಳನ್ನು ನೋಡುವಾ. ಈ ಕಾಳಗದ ಮುಖ್ಯ ಸಾಕ್ಷಿಯು ಗ್ರೀಕ ಇತಿಹಾಸಕಾರನಾದ ಹೆರೊಡೋಟಸನು. ಕಾಳಗವು ನಡೆದಾಗ ಅವನಿನ್ನೂ ಕೂಸು. ಕೆಲವು ದಶಕಗಳ ತರುವಾಯ ಕಂಡವರನ್ನೂ ಕೇಳಿದವರನ್ನೂ ವಿಚಾರಿಸಿ ಬರೆದನು. ಪಾರಸೀಕ ಚಕ್ರವರ್ತಿಯಾದ ಕ್ಸರ್ಕ್ಸೀಸನ ಪರಿವಾರವೆಲ್ಲ ಕೂಡಿ ಐವತ್ತು ಲಕ್ಷಕ್ಕೂ ಮಿಕ್ಕಿತ್ತೆಂದು ಅವನು ಲೆಕ್ಕ ಕೊಡುವನು. ಇದನ್ನು ಯಾವ ನ್ಯಾಯಾಧೀಶನೂ ನಂಬಲಾರನು. ಅಷ್ಟು ಜನಕ್ಕೆ ಆ ನಾಡಿನ ಹೊಳೆಗಳಲ್ಲಿ ನೀರೇ ಸಾಲದು. ಸುಮಾರು ಒಂದರಿಂದ ಮೂರು ಲಕ್ಷದವರೆಗೆ ಇರಬಹುದೆಂದು ಈಗಿನ ಪಂಡಿತರಲ್ಲಿ ಬಹು ಜನರು ಎಣಿಸುವರು. ಆದರೆ ಗ್ರೀಕರ ಲೆಕ್ಕವನ್ನು ಕೊಡುವಾಗ ಅವನು ಊರೂರಿನ ಹೆಸರು ಹೇಳಿ ಎಣಿಸುವನು. ಸ್ಪಾರ್ಟಾದವರು 300, ತೆಗಿಯಾದವರು 500, ಮಾಂಟಿನೇಯಾದವರು 500, ಕೊರಿಂಥದವರು 400, ಮೈಸೀನಿಯವರು 80, ಥೆಸ್ಪಿಯಾದವರು 700, ಥೀಬ್ಸದವರು 400, ಫೋಕಿಸದವರು 1000. ಇನ್ನುಳಿದ ಊರಿನವರನ್ನೂ ಕೂಡಿಸಿದರೆ ಮೊದಲ ದಿನ ಕಣಿವೆಯಲ್ಲಿ ನಿಂತವರು ಐದು ಸಾವಿರಕ್ಕೆ ಕಡಿಮೆ ಇರಲಿಲ್ಲ. ಮುನ್ನೂರೇ ಎಂಬುದು ಭಾಷಣಕಾರರ ಲೆಕ್ಕವು.

ಕಣಿವೆಯ ಸ್ವರೂಪವನ್ನೂ ತಿಳಿದಿರಬೇಕು. ಒಂದು ಬದಿಗೆ ಕಡಿದಾದ ಬೆಟ್ಟ, ಇನ್ನೊಂದು ಬದಿಗೆ ಸಮುದ್ರ, ನಡುವೆ ಇಕ್ಕಟ್ಟಾದ ದಾರಿ. ಅಲ್ಲಿಯ ಬಿಸಿನೀರಿನ ಬುಗ್ಗೆಗಳಿಂದಲೇ ಆ ಸ್ಥಳಕ್ಕೆ ಹೆಸರು ಬಂದಿರುವದು. ಸ್ಪರ್ಖಿಯೋಸ ನದಿಯು ತಂದು ಸುರಿದ ಮಣ್ಣಿನಿಂದ ಈಗ ಕಡಲು ಹಲವು ಮೈಲು ಹಿಂದೆ ಸರಿದು, ಇಕ್ಕಟ್ಟಿನ ದಾರಿಯಿದ್ದಲ್ಲಿ ಬಯಲಾಗಿದೆ. ಇಂಥ ಸ್ಥಳದಲ್ಲಿ ಲಕ್ಷ ಜನರಿದ್ದರೂ ಮುಂದೆ ನಿಂತು ಕಾದತಕ್ಕವರು ಕೆಲವರೇ. ಆದುದರಿಂದ ಇಲ್ಲಿ ನಿಲ್ಲಬೇಕೆಂಬ ಆಲೋಚನೆಯು ಹುಚ್ಚಾಗಿರಲಿಲ್ಲ. ಸಮೀಪದ ಆರ್ಟೆಮಿಸಿಯಮಿನಲ್ಲಿ ಗ್ರೀಕರ ಹಡಗುಗಳು ಅದೇ ದಿವಸಗಳಲ್ಲಿ ಕಡಲ ದಾರಿಯನ್ನು ಕಾಯುತ್ತಿದ್ದವು. ನೆಲವನ್ನು ಕಾಯುವವರು, ಜಲವನ್ನು ಕಾಯುವವರು ಒಬ್ಬರನ್ನೊಬ್ಬರು ನೆಚ್ಚಿಕೊಂಡಿದ್ದರು. ಸಾಯಲಿಕ್ಕೆಂದೇ ಹೋದವರಲ್ಲ ಇವರು, ತಡೆಯಲಿಕ್ಕೆಂದು ಹೋದವರು. ಈ ಭೇದವನ್ನು ವಾಚಕರು ಮನಸ್ಸಿನಲ್ಲಿಡಬೇಕು.

ಕ್ಸರ್ಕ್ಸೀಸನು ನಾಲ್ಕು ದಿನ ಕಾಯ್ದನು; ಇಷ್ಟು ಸ್ವಲ್ಪ ಜನರು ತಾವಾಗಿಯೇ ಓಡುವರೆಂದು ಅವನ ನಂಬಿಗೆ. ಅವನು ಕಳಿಸಿದ ಬೇಹಿನವನು ಸ್ಪಾರ್ಟಾದವರು ಸಾಮು ಮಾಡುತ್ತ, ತಲೆಗೂದಲು ಬಾಚಿಕೊಳ್ಳುತ್ತ ಕುಳಿತಿದ್ದುದನ್ನು ಕಂಡು ಬಂದು ಹೇಳಿದಾಗ ಅರಸನು ನಕ್ಕನಂತೆ. ದೇಶಭ್ರಷ್ಟನಾಗಿ ಅವನ ಆಶ್ರಯದಲ್ಲಿದ್ದ ಸ್ಪಾರ್ಟಾದ ಮಾಜಿ ಅರಸ ಡೆಮಾರೇಟಸನು ಮಾತ್ರ, ಅವರು ಪ್ರಾಣದ ಹಂಗು ತೊರೆದು ಕಾದುವದಕ್ಕೆ ಮುಂಚೆ ಹೀಗೆ ಮಾಡುವ ವಾಡಿಕೆಯುಂಟೆಂದು ಎಚ್ಚರಿಸಿದನು. ಐದನೆಯ ದಿನ ಕಾಳಗವು ಮೊದಲಾಯಿತು. ಮೀಡರು ಹೋಗಿ ಪೆಟ್ಟು ತಿಂದು ಮರಳಿದರು. ಹೈಡಾರ್ನೀಸನ ಕೈಕೆಳಗಿನ, ಅಮರರೆಂಬ ಬಿರುದಿನ ಆಯ್ದ ಪಡೆಯೂ ಹಾಗೆಯೇ ಮರಳಿತು. ಎರಡನೆಯ ದಿನವೂ ಅದೇ ಗತಿ. ಗ್ರೀಕರಲ್ಲಿ ಊರೂರಿನವರು ಸರದಿಯ ಮೇಲೆ ಮುಂದೆ ಬಂದು ಕಾದಿದರೆಂದು ಹೆರೊಡೋಟಸನು ಸ್ಪಷ್ಟವಾಗಿ ಬರೆದಿರುವನು. ಎರಡು ದಿವಸಗಳ ಆ ಜಯವು ಒಂದು ಊರಿನ ಸ್ವತ್ತಲ್ಲ.

ತರುವಾಯ ಫಿತೂರಿಯಾಯಿತು. ಎಫಿಯಾಲ್ಟೀಸನೆಂಬ ಆ ಸೀಮೆಯವನೊಬ್ಬನು ಬಹುಮಾನದ ಆಸೆಯಿಂದ ಬೆಟ್ಟದ ಮೇಲಿನ ಕಾಲುದಾರಿಯನ್ನು ಪಾರಸೀಕರಿಗೆ ತೋರಿಸಿದನು. ಆ ದಾರಿಯನ್ನು ಕಾಯಲು ನಿಂತಿದ್ದ ಫೋಕಿಸದ ಸಾವಿರ ಜನರು, ಬೆಳಗಿನ ಜಾವ ತರಗೆಲೆಗಳ ಸಪ್ಪಳ ಕೇಳಿ ಎದ್ದು, ಬಾಣಗಳ ಮಳೆಗೆ ಅಂಜಿ ಬೆಟ್ಟದ ತುದಿಗೆ ಏರಿ ಅಲ್ಲಿ ಸಾಯಲು ಸಿದ್ಧರಾಗಿ ನಿಂತರು. ಪಾರಸೀಕರು ಅವರನ್ನು ಲೆಕ್ಕಿಸದೆ ಕೆಳಗಿಳಿದು ಹೋದರು. ಇದನ್ನು ಓದುವಾಗಲೆಲ್ಲ ನಮಗೆ ವ್ಯಥೆಯಾಗುವದು. ಸಾಯುವದಕ್ಕೆ ಅವರು ಸಿದ್ಧರಿದ್ದರು. ಎಲ್ಲಿ ಸಾಯಬೇಕೆಂಬದು ಮಾತ್ರ ಅವರಿಗೆ ತಿಳಿಯದೆ ಹೋಯಿತು. ಕಾಯಬೇಕಾದ ದಾರಿಯನ್ನು ಬಿಟ್ಟು ತುದಿಯ ಮೇಲೆ ತೋರಿಸಿದ ಧೈರ್ಯವು ಯಾರ ಉಪಯೋಗಕ್ಕೂ ಬರಲಿಲ್ಲ.

ಸುದ್ದಿಯು ತಿಳಿದೊಡನೆ ಲಿಯೋನಿಡಾಸನು ಉಳಿದ ಊರಿನವರನ್ನು ಮನೆಗೆ ಕಳಿಸಿದನು. ತಾನು ಮುನ್ನೂರು ಜನರೊಡನೆ ನಿಂತನು. ಥೀಬ್ಸದವರನ್ನು ಅವನು ಒತ್ತೆಯಾಗಿ ಹಿಡಿದಿಟ್ಟುಕೊಂಡನೆಂದು ಹೆರೊಡೋಟಸನು ಹೇಳುವನು. ಈ ಮಾತನ್ನು ಅದೇ ಸೀಮೆಯವನಾದ ಪ್ಲುಟಾರ್ಕನು ಮುಂದೆ ಕಟುವಾಗಿ ಖಂಡಿಸಿದನು. ಸಾವಿಗೆ ಸಿದ್ಧವಾದ ಸ್ವಲ್ಪ ಜನರು ನಾನೂರು ಒತ್ತೆಯಾಳುಗಳನ್ನು ಕಾಯುತ್ತ ಕಾದುವದು ಹೇಗೆಂಬ ಆಕ್ಷೇಪಕ್ಕೆ ನಮಗೂ ಉತ್ತರವು ಸಿಗದು. ಆದರೆ ಥೆಸ್ಪಿಯಾದ ಏಳುನೂರು ಜನರ ವಿಷಯದಲ್ಲಿ ವಿವಾದವೇ ಇಲ್ಲ. ಅವರಿಗೆ ಹೋಗಲು ಅಪ್ಪಣೆಯಾಗಿತ್ತು. ಅವರ ನಾಯಕನಾದ ಡೆಮೋಫಿಲಸನೂ ಅವನ ಜನರೂ ಹೋಗುವದಿಲ್ಲವೆಂದರು. ನಿಂತರು, ಎಲ್ಲರೂ ಮಡಿದರು.

ಈಗ ನಾವು ವಕೀಲರ ಪದ್ಧತಿಯಂತೆ ಮೂರು ಪ್ರಶ್ನೆಗಳನ್ನು ಎತ್ತುವೆವು. ಸೋಲು ಖಚಿತವೆಂದು ತಿಳಿದು ನಿಂತ ಯಾವ ಜನರ ಶೌರ್ಯವನ್ನು ತೂಗಬೇಕಾದರೂ ಈ ಮೂರೇ ತೂಕದ ಕಲ್ಲುಗಳೆಂದು ನಮ್ಮ ಅಭಿಪ್ರಾಯವು.

ಮೊದಲನೆಯದು: ನಿಂತವನಿಗೆ ಹೋಗಲು ಬಾಗಿಲು ತೆರೆದಿತ್ತೇ? ಸ್ಪಾರ್ಟಾದವನಿಗೆ ಅದು ಅರ್ಧ ಮುಚ್ಚಿತ್ತು. ಅರಿಸ್ಟೋಡೆಮಸನೆಂಬವನ ಕಥೆಯೇ ಇದಕ್ಕೆ ಪುರಾವೆ. ಅವನೂ ಯೂರಿಟಸನೂ ಕಣ್ಣುಬೇನೆಯಿಂದ ನರಳುತ್ತಿದ್ದರು. ಯೂರಿಟಸನು ತನ್ನ ದಾಸನಿಂದ ಕೈಹಿಡಿಸಿಕೊಂಡು ರಣಕ್ಕೆ ಹೋಗಿ ಮಡಿದನು. ಅರಿಸ್ಟೋಡೆಮಸನು ಊರಿಗೆ ಮರಳಿದನು. ಅವನಿಗೆ ಒಲೆಗೆ ಬೆಂಕಿ ಕೊಡುವವರಿಲ್ಲವಾಯಿತು, ಮಾತಾಡಿಸುವವರಿಲ್ಲವಾಯಿತು, ನಡುಗುವವನೆಂಬ ಅಡ್ಡಹೆಸರು ಬಿದ್ದಿತು. ಮರುವರ್ಷ ಪ್ಲಾಟೇಯಾದ ರಣದಲ್ಲಿ ಅವನು ಸಾಲನ್ನು ಬಿಟ್ಟು ಮುನ್ನುಗ್ಗಿ ಎಲ್ಲರಿಗಿಂತ ಹೆಚ್ಚಾಗಿ ಕಾದಿ ಸತ್ತನು. ಸಾಯಬೇಕೆಂದೇ ಸತ್ತನೆಂದು ಸ್ಪಾರ್ಟಾದವರು ಅವನಿಗೆ ಮರ್ಯಾದೆಯನ್ನು ಕೊಡಲಿಲ್ಲ. ದೂತನಾಗಿ ಹೋಗಿದ್ದರಿಂದ ಉಳಿದ ಪಾಂಟಿಟೀಸನು ಅವಮಾನವನ್ನು ತಾಳಲಾರದೆ ಉರುಲು ಹಾಕಿಕೊಂಡನು. ಹಿಂದೆ ಇಂಥ ಊರಿದ್ದವನು ಮುಂದಿನ ವೈರಿಗೆ ಬೆನ್ನು ತೋರಿಸದಿದ್ದರೆ ಅದರಲ್ಲಿ ಶೌರ್ಯವೆಷ್ಟು, ಭಯವೆಷ್ಟು ಎಂದು ಬೇರ್ಪಡಿಸುವದು ಕಠಿಣವು. ಥೆಸ್ಪಿಯಾದವರಿಗೆ ಇಂಥ ಕಟ್ಟಿರಲಿಲ್ಲ. ಸೇನಾಪತಿಯೇ ಹೋಗಿರೆಂದು ಹೇಳಿದ ಮೇಲೆ ಹೋದವರನ್ನು ಯಾರೂ ಹೇಡಿಗಳೆನ್ನುತ್ತಿರಲಿಲ್ಲ. ಕೊರಿಂಥದವರನ್ನು, ತೆಗಿಯಾದವರನ್ನು ಅನ್ನಲಿಲ್ಲ.

ಇಲ್ಲಿ ಪ್ರತಿವಾದಿಯು ಒಂದು ಮಾತು ಹೇಳಬಹುದು. ಥೆಸ್ಪಿಯಾ ಪಟ್ಟಣವು ಬಿಯೋಷಿಯಾ ಪ್ರಾಂತದಲ್ಲಿ, ಪಾರಸೀಕರು ಬರುವ ದಾರಿಯ ಮೇಲೆಯೇ ಇತ್ತು. ಕಣಿವೆಯು ಬಿದ್ದರೆ ಊರೂ ಬೀಳುವದು ನಿಶ್ಚಯ. ಹೀಗಿರಲು ಅವರಿಗೆ ಬೇರೆ ಗತಿಯೇನಿತ್ತು? ಬೇರೆ ಗತಿಯಿತ್ತು. ಬಿಯೋಷಿಯಾದ ಹೆಚ್ಚಿನ ಊರುಗಳು ಆ ಗತಿಯನ್ನೇ ಹಿಡಿದವು. ಚಕ್ರವರ್ತಿಯ ದೂತರಿಗೆ ಮಣ್ಣನ್ನೂ ನೀರನ್ನೂ ಕಾಣಿಕೆಯಾಗಿ ಕೊಟ್ಟರೆ ಮನೆಯೂ ಉಳಿಯುತ್ತಿತ್ತು, ತಲೆಯೂ ಉಳಿಯುತ್ತಿತ್ತು. ಥೆಸ್ಪಿಯಾವೂ ಪ್ಲಾಟೇಯಾವೂ ಮಾತ್ರ ಕೊಡಲಿಲ್ಲ. ಅದಕ್ಕಾಗಿಯೇ ಕ್ಸರ್ಕ್ಸೀಸನು ಆ ಎರಡು ಊರುಗಳನ್ನು ಸುಟ್ಟನು.

ಎರಡನೆಯ ಪ್ರಶ್ನೆ: ಅವರ ಸಾವಿನಿಂದ ಬದುಕಿದವರಿಗೆ ಏನಾಯಿತು? ಕೀರ್ತಿಯ ಆಸೆಯಿಂದಲೂ, ಒಬ್ಬ ಅರಸನು ಮಡಿದರೆ ಸ್ಪಾರ್ಟಾ ಉಳಿಯುವದೆಂಬ ದೇವವಾಣಿಯಿಂದಲೂ ಲಿಯೋನಿಡಾಸನು ನಿಂತನೆಂದು ಹೆರೊಡೋಟಸನು ಕಾರಣ ಕೊಡುವನು. ಆದರೆ ಯುದ್ಧವನ್ನು ಬಲ್ಲವರು ಇನ್ನೊಂದು ಕಾರಣವನ್ನು ಕಾಣುವರು. ಹಿಂಜರಿಯುವ ಕಾಲಾಳುಗಳನ್ನು ಪಾರಸೀಕರ ಕುದುರೆಯ ಪಡೆಯು ಬಯಲಿನಲ್ಲಿ ಬೆನ್ನಟ್ಟಿ ಕಡಿದುಹಾಕುತ್ತಿತ್ತು. ಹಿಂದೆ ಯಾರಾದರೂ ನಿಂತು ತಡೆದರೇನೇ ಮುಂದೆ ಹೋದವರು ಮನೆ ಮುಟ್ಟುವರು. ಇದೇ ನಮಗೆ ಹೆಚ್ಚು ಸಮರ್ಪಕವಾಗಿ ತೋರುವದು. ಥರ್ಮಾಪಿಲೆಯೊಂದರಿಂದಲೇ ಗ್ರೀಸವು ಉಳಿಯಿತೆಂದು ಹೇಳುವವರ ಮಾತನ್ನು ಮಾತ್ರ ನಾವು ಒಪ್ಪೆವು. ದೇಶವನ್ನು ಉಳಿಸಿದ್ದು ಅದೇ ವರ್ಷ ಸಲಾಮಿಸದ ಹಡಗುಗಳು, ಮರುವರ್ಷ ಪ್ಲಾಟೇಯಾದ ಭರ್ಚಿಗಳು. ಆದರೆ ಒಂದು ಸಂಗತಿಯು ಸಿದ್ಧವಾಯಿತು. ಚಕ್ರವರ್ತಿಯು ಇನ್ನು ಮುಂದೆ ಪ್ರತಿಯೊಂದು ದಿಣ್ಣೆಗೂ ಬೆಲೆ ತೆರಬೇಕೆಂಬದು ಅವನಿಗೂ ತಿಳಿಯಿತು, ಗ್ರೀಕರಿಗೂ ತಿಳಿಯಿತು.

ಕಡೆಯ ದಿನ ಅವರು ಇಕ್ಕಟ್ಟಿನ ಗೋಡೆಯನ್ನು ಬಿಟ್ಟು ಅಗಲವಾದ ಸ್ಥಳಕ್ಕೆ ಬಂದು ಕಾದಿದರು. ಭರ್ಚಿಗಳು ಮುರಿದವು, ಕತ್ತಿಯಿಂದ ಕಾದಿದರು. ಲಿಯೋನಿಡಾಸನು ಬಿದ್ದನು, ಅವನ ಹೆಣಕ್ಕಾಗಿ ಜಗ್ಗಾಟವಾಯಿತು. ಕ್ಸರ್ಕ್ಸೀಸನ ಇಬ್ಬರು ತಮ್ಮಂದಿರೂ ಅಲ್ಲಿಯೇ ಸತ್ತರು. ಹಿಂದಿನಿಂದ ಹೈಡಾರ್ನೀಸನ ಪಡೆಯು ಬಂದೊಡನೆ ಉಳಿದವರು ಒಂದು ಚಿಕ್ಕ ದಿಬ್ಬವನ್ನು ಏರಿ, ಕತ್ತಿಯುಳ್ಳವರು ಕತ್ತಿಯಿಂದ, ಇಲ್ಲದವರು ಕೈಯಿಂದಲೂ ಹಲ್ಲಿನಿಂದಲೂ ಕಾದಿ, ಬಾಣಗಳ ಕೆಳಗೆ ಹೂತುಹೋದರು. 1939ರಲ್ಲಿ ಮರಿನಾಟೋಸನೆಂಬ ಗ್ರೀಕ ಶೋಧಕನು ಆ ದಿಬ್ಬವನ್ನು ಅಗೆಸಿದಾಗ ಪೂರ್ವದೇಶದ ಮಾದರಿಯ ಬಾಣದ ಮೊನೆಗಳು ಹೇರಳವಾಗಿ ಸಿಕ್ಕವು. ಹೆರೊಡೋಟಸನ ಸಾಕ್ಷ್ಯಕ್ಕೆ ಮಣ್ಣು ಕೊಟ್ಟ ಬೆಂಬಲವಿದು.

ಮೂರನೆಯ ಪ್ರಶ್ನೆಯೇ ಆಸ್ಪತ್ರೆಯಲ್ಲಿದ್ದ ಆ ಹುಡುಗನ ಪ್ರಶ್ನೆ: ನಿಲ್ಲಿರೆಂದು ಹೇಳಿದವನು ಎಲ್ಲಿ ನಿಂತಿದ್ದನು? ಕ್ಸರ್ಕ್ಸೀಸನು ಸಿಂಹಾಸನದ ಮೇಲೆ ಕುಳಿತು ನೋಡುತ್ತಿದ್ದನು. ತನ್ನ ದಂಡಿಗೆ ಬೀಳುವ ಪೆಟ್ಟನ್ನು ಕಂಡು ಮೂರು ಸಲ ಕುಳಿತಲ್ಲಿಂದ ಹಾರಿದನಂತೆ. ಲಿಯೋನಿಡಾಸನು ಸಾಲಿನಲ್ಲಿದ್ದನು. ಡೆಮೋಫಿಲಸನು ಸಾಲಿನಲ್ಲಿದ್ದನು. ಸಾವನ್ನು ಮುಂಗಂಡು ಹೇಳಿದ ಜೋಯಿಸನಾದ ಮೆಗಿಸ್ಟಿಯಾಸನು ಕೂಡ, ಹೋಗೆಂದರೂ ಹೋಗದೆ, ತನ್ನ ಒಬ್ಬನೇ ಮಗನನ್ನು ಮನೆಗೆ ಕಳಿಸಿ ತಾನು ನಿಂತನು.

ಈ ಪ್ರಶ್ನೆಯನ್ನು ಮರೆತರೆ ಏನಾಗುವದೆಂಬದಕ್ಕೆ ಇತ್ತೀಚಿನ ಇತಿಹಾಸವೇ ದೃಷ್ಟಾಂತವು. 1943ರ ಜಾನೇವಾರಿ 30ರಂದು ಜರ್ಮನಿಯ ಗೋರಿಂಗನು ಬರ್ಲಿನಿನಲ್ಲಿ ನಿಂತು, ಸ್ಟಾಲಿನ್‌ಗ್ರಾಡಿನ ಮುತ್ತಿಗೆಯಲ್ಲಿ ಹಸಿವಿನಿಂದಲೂ ಚಳಿಯಿಂದಲೂ ಸಾಯುತ್ತಿದ್ದ ತಮ್ಮ ಸೈನ್ಯವನ್ನು ಲಿಯೋನಿಡಾಸನ ಮುನ್ನೂರು ಜನರಿಗೆ ಹೋಲಿಸಿ ಭಾಷಣಮಾಡಿದನು. ಅವರಿಗೆ ಹಿಂಜರಿಯಲು ಅಪ್ಪಣೆಯನ್ನು ಕೊಡದವರು ಇವನ ಒಡೆಯರೇ. ಅವರು ನಿಂತದ್ದು ತಮ್ಮ ನಾಡಿನ ಬಾಗಿಲಲ್ಲಿ ಅಲ್ಲ, ಪರರ ನಾಡಿನ ಎದೆಯ ಮೇಲೆ. ಬದುಕಿರುವಾಗಲೇ ತಮಗಾಗಿ ಓದಿದ ಚರಮಶ್ಲೋಕವನ್ನು ಆ ಸೈನಿಕರು ಬಾನುಲಿಯಲ್ಲಿ ಕೇಳಿದರು. ಮರುದಿನವೇ ಅವರ ಸೇನಾಪತಿಯು ಶರಣಾದನು. ಸೆರೆಸಿಕ್ಕ ಸುಮಾರು 91,000 ಜನರಲ್ಲಿ ಮುಂದೆ ಮನೆಗೆ ಮರಳಿದವರು ಐದಾರು ಸಾವಿರಕ್ಕೆ ಮಿಕ್ಕಿರಲಿಲ್ಲ. ಬಾಗಿಲು ಮುಚ್ಚಿದವನು ತಾನು ಹೊರಗೆ ನಿಂತು ಒಳಗಿನವರ ತ್ಯಾಗವನ್ನು ಹೊಗಳುವದಕ್ಕೆ ಶೌರ್ಯವೆಂಬ ಹೆಸರು ಸಲ್ಲದು. ವ್ಯಾಸಪೀಠವನ್ನು ಏರುವ ನಮ್ಮಂಥವರೆಲ್ಲರಿಗೂ ಇದು ಪಾಠವು.

ಇನ್ನು ಕಥೆಯ ಮರೆಯಲ್ಲಿ ಉಳಿದ ಕೆಲವು ಮಾತುಗಳನ್ನು ಹೇಳದೆ ಬಿಟ್ಟರೆ ನಾವು ಸಾಕ್ಷ್ಯವನ್ನು ಮುಚ್ಚಿಟ್ಟಂತಾಗುವದು. ಇದು ಯುರೋಪದ ಸ್ವಾತಂತ್ರ್ಯಕ್ಕೂ ಏಶಿಯದ ದಾಸ್ಯಕ್ಕೂ ನಡೆದ ಯುದ್ಧವೆಂದು ಪಾಶ್ಚಾತ್ಯ ಗ್ರಂಥಗಳಲ್ಲಿ ಬರೆಯುವ ವಾಡಿಕೆಯುಂಟು. ಸ್ಪಾರ್ಟಾದ ಹೊಲಗಳನ್ನು ಉತ್ತವರು ಹೆಲಾಟರೆಂಬ ದಾಸರು. ಸ್ಪಾರ್ಟಾದ ಅಧಿಕಾರಿಗಳು ಪ್ರತಿವರ್ಷವೂ ಅವರ ಮೇಲೆ ವಿಧಿಪೂರ್ವಕವಾಗಿ ಯುದ್ಧ ಸಾರುತ್ತಿದ್ದರು, ಅವರನ್ನು ಕೊಂದರೆ ದೋಷವಿಲ್ಲದಿರಲೆಂದು. ಥರ್ಮಾಪಿಲೆಯ ಹೆಣಗಳಲ್ಲಿ ಹೆಲಾಟರವೂ ಇದ್ದವು. ಅವರ ಎಣಿಕೆಯನ್ನು ಯಾರೂ ಬರೆದಿಡಲಿಲ್ಲ. ಅತ್ತ ಕ್ಸರ್ಕ್ಸೀಸನ ದಂಡಿನಲ್ಲಿ ಹತ್ತಿಯ ಬಟ್ಟೆಯನ್ನುಟ್ಟು, ಬೆತ್ತದ ಬಿಲ್ಲನ್ನೂ ಕಬ್ಬಿಣದ ಮೊನೆಯ ಬಾಣಗಳನ್ನೂ ಹಿಡಿದ ಭಾರತೀಯರೂ ಇದ್ದರೆಂದು ಹೆರೊಡೋಟಸನು ಬರೆದಿರುವನು. ಸಿಂಧೂ ಸೀಮೆಯವರಾದ ಅವರಿಗೆ ಗ್ರೀಸದೊಡನೆ ಯಾವ ವೈರವಿತ್ತು? ಪರರ ಸಾಮ್ರಾಜ್ಯಕ್ಕಾಗಿ ದೂರದ ನೆಲದಲ್ಲಿ ನೆತ್ತರು ಸುರಿಸುವ ಗತಿಯು ಭಾರತದ ಸಿಪಾಯಿಗೆ ಅಂದೇ ಮೊದಲಾಗಿತ್ತು.

ಸ್ಪಾರ್ಟಾ ರಾಜ್ಯದ ವಿಷಯದಲ್ಲಿಯೂ ಒಂದು ಮಾತುಂಟು. ಹಬ್ಬದ ನೆವದಿಂದ ಅದು ಮುಖ್ಯ ಸೈನ್ಯವನ್ನು ಮನೆಯಲ್ಲಿಟ್ಟುಕೊಂಡು ಮುನ್ನೂರು ಜನರನ್ನಷ್ಟೇ ಕಳಿಸಿತು. ಹಿಂದಿನಿಂದ ಬರುವೆವೆಂದ ದಂಡು ಬರಲೇ ಇಲ್ಲ. ಲಿಯೋನಿಡಾಸನು ಮಡಿದು ಒಂದು ನೂರು ವರ್ಷ ತುಂಬುವದರೊಳಗಾಗಿ, ಕ್ರಿ. ಪೂ. 386ರಲ್ಲಿ, ಅದೇ ಸ್ಪಾರ್ಟಾವು ತನ್ನ ಹಿರಿತನವನ್ನು ಕಾಯ್ದುಕೊಳ್ಳುವ ಸಲುವಾಗಿ ಪಾರಸೀಕ ಚಕ್ರವರ್ತಿಯೊಡನೆ ಒಪ್ಪಂದ ಮಾಡಿಕೊಂಡು ಏಶಿಯದ ಗ್ರೀಕ ಪಟ್ಟಣಗಳನ್ನು ಅವನ ವಶಕ್ಕೆ ಬಿಟ್ಟುಕೊಟ್ಟಿತು. ರಣಾಂಗಣದಲ್ಲಿ ಮುನ್ನೂರು ಜನರು ಪ್ರಾಣಕೊಟ್ಟು ಕೊಡಲೊಲ್ಲದ ಮಣ್ಣನ್ನು ಮೊಮ್ಮಕ್ಕಳು ಕಾಗದದ ಮೇಲೆ ಕೊಟ್ಟರು. ಬಲಿಯಾದವರ ಹೆಸರನ್ನು ಹೇಳಿಕೊಳ್ಳುವದು ಸುಲಭ, ಅವರ ಮಾತನ್ನು ಉಳಿಸಿಕೊಳ್ಳುವದು ಕಠಿಣ.

ಥೆಸ್ಪಿಯಾದ ಗತಿಯೇನಾಯಿತು? ಊರು ಸುಟ್ಟು ಬೂದಿಯಾಯಿತು. ಅದಕ್ಕೆ ಮೊದಲೇ ಹೆಂಗಸರು ಮಕ್ಕಳು ಪೆಲೊಪೊನೀಸಕ್ಕೆ ಗುಳೆಹೋಗಿದ್ದರು. ಮರುವರ್ಷ ಪ್ಲಾಟೇಯಾದ ರಣಕ್ಕೆ ಆ ಊರಿನಿಂದ 1800 ಜನರು ಬಂದರು. ಭಾರಿ ಆಯುಧಗಳು ಅವರಲ್ಲಿರಲಿಲ್ಲ. ಇದ್ದವರೆಲ್ಲ ಕಣಿವೆಯಲ್ಲಿ ಮಲಗಿದ್ದರು. ಯುದ್ಧವು ಮುಗಿದ ಮೇಲೆ ಊರನ್ನು ತುಂಬುವದಕ್ಕಾಗಿ ಹೊರಗಿನವರಿಗೆ ಪೌರತ್ವವನ್ನು ಕೊಡಬೇಕಾಯಿತು. ಅಥೆನ್ಸದ ಥೆಮಿಸ್ಟೋಕ್ಲೀಸನ ಮನೆಯಾಳಾದ ಸಿಕಿನ್ನಸನು ಹೀಗೆಯೇ ಥೆಸ್ಪಿಯಾದ ಪೌರನಾದನು. ಒಂದು ಚಿಕ್ಕ ಊರು ತನ್ನ ಏಳುನೂರು ಗಂಡಸರನ್ನು ಒಂದೇ ದಿನ ಕಳೆದುಕೊಳ್ಳುವದೆಂದರೆ ಏನೆಂಬದನ್ನು ಈ ಸಣ್ಣ ಸಂಗತಿಯೇ ಹೇಳುವದು.

ಮುನ್ನೂರು ಜನರ ಹೆಸರುಗಳನ್ನು ಸ್ಪಾರ್ಟಾದಲ್ಲಿ ಕಂಬದ ಮೇಲೆ ಕೆತ್ತಿಸಿದ್ದರು. ಆರುನೂರು ವರ್ಷಗಳ ತರುವಾಯ ಪೌಸಾನಿಯಾಸನೆಂಬ ಪ್ರವಾಸಿಯು ಅದನ್ನು ಕಂಡನು. ಹೆರೊಡೋಟಸನು ಆ ಮುನ್ನೂರು ಹೆಸರುಗಳನ್ನೂ ವಿಚಾರಿಸಿ ತಿಳಿದುಕೊಂಡಿದ್ದೇನೆಂದು ಹೇಳುವನು. ಥೆಸ್ಪಿಯಾದ ಏಳುನೂರು ಜನರಲ್ಲಿ ಅವನು ನಮಗೆ ಉಳಿಸಿಕೊಟ್ಟ ಹೆಸರುಗಳು ಎರಡೇ: ನಾಯಕನಾದ ಡೆಮೋಫಿಲಸ, ಎಲ್ಲರಿಗಿಂತ ಹೆಚ್ಚಾಗಿ ಕಾದಿದ ಡಿಥಿರಾಂಬಸ. ಥರ್ಮಾಪಿಲೆಯಲ್ಲಿ ಲಿಯೋನಿಡಾಸನ ಪ್ರತಿಮೆಯು 1955ರಲ್ಲಿ ನಿಂತಿತು. ಥೆಸ್ಪಿಯಾದವರ ಸ್ಮಾರಕವು ಅದರ ಮಗ್ಗುಲಲ್ಲಿ ನಿಂತದ್ದು 1997ರಲ್ಲಿ. ತುರುಗಳನ್ನು ಬಿಡಿಸಲು ಹೋಗಿ ಮಡಿದ ಹಳ್ಳಿಯವನಿಗೂ ಕಲ್ಲು ನೆಟ್ಟ ನಾಡಿನವರಾದ ನಮಗೆ ಈ ವಿಳಂಬವು ಬಹಳವೆಂದು ತೋರಿದರೆ ತಪ್ಪಿಲ್ಲ.

ಲಿಯೋನಿಡಾಸನ ಕೀರ್ತಿಯನ್ನು ಕುಂದಿಸುವದು ನಮ್ಮ ಇಚ್ಛೆಯಲ್ಲ. ಮೂರನೆಯ ಪ್ರಶ್ನೆಯಲ್ಲಿ ಅವನು ನಿರ್ದೋಷಿಯಾಗಿ ಗೆದ್ದವನು. ಆದರೆ ಮೂರು ಪ್ರಶ್ನೆಗಳಲ್ಲಿಯೂ ಪೂರ್ಣವಾಗಿ ಗೆದ್ದವರು ಆ ಏಳುನೂರು ಜನರೆಂಬದೇ ನಮ್ಮ ತೀರ್ಪು. ಕತ್ತಿಯ ಕಸಬಿನಲ್ಲಿ ಹುಟ್ಟಿ ಬೆಳೆದವರಲ್ಲ ಅವರು. ಅವರ ಬೆನ್ನಿಗೆ ಕಟ್ಟುಕಟ್ಟಳೆಗಳಿರಲಿಲ್ಲ, ಮುಂದೆ ಹಾಡುವ ಕವಿಗಳ ಭರವಸೆಯೂ ದೊಡ್ಡದಾಗಿರಲಿಲ್ಲ. ಹೋಗಬಹುದಾಗಿತ್ತು, ಹೋಗಲಿಲ್ಲ.

ಆ ಹುಡುಗನು ಗುಣವಾಗಿ ಮನೆಗೆ ಹೋದನು. ಹಣೆಯ ಮೇಲಿನ ಗಾಯದ ಗುರುತು ಉಳಿದುಬಿಟ್ಟಿತು. ತರುವಾಯ ಮತ್ತೊಂದು ಮೆರವಣಿಗೆಯಾದಾಗ ನಾವು ಭಾಷಣವನ್ನು ಮಾಡಲಿಲ್ಲ. ಆ ದಿನದ ದಾವೆಗಳನ್ನು ಸ್ನೇಹಿತರಿಗೆ ಒಪ್ಪಿಸಿ, ಬೆಳಿಗ್ಗೆ ಏಳಕ್ಕೆ ಹೋಗಿ ಅವನ ಮಗ್ಗುಲಲ್ಲಿ ನಿಂತೆವು. ಅವನು ನಮ್ಮನ್ನು ನೋಡಿ ಏನೂ ಅನ್ನಲಿಲ್ಲ, ಸ್ವಲ್ಪ ಸರಿದು ಜಾಗ ಕೊಟ್ಟನು. ಥರ್ಮಾಪಿಲೆಯ ಕಥೆಯನ್ನು ಇನ್ನು ಮುಂದೆ ವ್ಯಾಸಪೀಠದಿಂದ ಹೇಳುವವರು ಏಳುನೂರು ಜನರನ್ನೂ ಎಣಿಕೆಯಲ್ಲಿ ಸೇರಿಸಿಕೊಳ್ಳಲಿ. ಹೇಳಿ ಮುಗಿಸಿದ ಮೇಲೆ ಕೆಳಗಿಳಿದು ಸಾಲಿಗೆ ಬರಲಿ. ಇಷ್ಟೇ ನಮ್ಮ ವಿಜ್ಞಾಪನೆಯು.